ಯಾರ ನೆನಪಿನಿಂದ ಈ ಯುದ್ಧ ತೋರಿಸುತ್ತಿದ್ದೀರಿ? ಸುದ್ದಿ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ರಾತ್ರಿಪಾಳಿಯಲ್ಲಿ ತಲೆಬರಹ ಕೊಡುವ ಡೆಸ್ಕಿನವರೇ, ಸ್ಟುಡಿಯೋದಲ್ಲಿ ಕೂತು ನಮಗೆ ಯುದ್ಧ ತೋರಿಸುವ ಆಂಕರ್‌ಗಳೇ,

ನಮಸ್ಕಾರ. ಪತ್ರ ಸ್ವಲ್ಪ ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ.

ಜಗತ್ತಿನ ಯಾವ ಮೂಲೆಯಲ್ಲಾದರೂ ಸರಿ, ಯುದ್ಧ ಶುರುವಾಯಿತು ಅಂದರೆ ಸಾಕು, ನೀವು ಅದಕ್ಕೊಂದು ಹಳೇ ಯುದ್ಧ ಹುಡುಕಲು ಹೊರಡುತ್ತೀರಿ. ‘ಇದು ಇನ್ನೊಂದು ವಿಯೆಟ್ನಾಂ’. ‘ಇವನು ಹೊಸ ಹಿಟ್ಲರ್’. ‘ಇದು ಅವರ 9/11’. ‘ಎರಡನೇ ಮಹಾಯುದ್ಧದ ನಂತರ ಇದೇ ಮೊದಲು’. ಸತ್ತವರೆಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ, ಯಾರು ಮೊದಲು ಗುಂಡು ಹಾರಿಸಿದರು ಅನ್ನುವುದೂ ಖಾತ್ರಿ ಇರುವುದಿಲ್ಲ, ಆದರೆ ಹೋಲಿಕೆ ಮಾತ್ರ ಸಂಜೆಯ ಬುಲೆಟಿನ್ ಹೊತ್ತಿಗೆ ರೆಡಿ.

ನಾನು ಪತ್ರಕರ್ತನಲ್ಲ. ಯುದ್ಧದ ಸುದ್ದಿಯನ್ನು ಬಿಡದೆ ಓದುವ, ಹಳೇ ವರದಿಗಳನ್ನು ಹುಡುಕಿ ಓದುವ ಚಟ ಇರುವ ಓದುಗ. ಹೋಲಿಸಲೇಬೇಡಿ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಗೊತ್ತಿರುವುದರ ಪಕ್ಕ ಇಟ್ಟು ನೋಡದೆ ಯಾರಿಗೂ ಏನೂ ಅರ್ಥ ಆಗಲ್ಲ. ನನ್ನ ತಕರಾರು ಇಷ್ಟೇ: ನೀವು ಎತ್ತಿಕೊಳ್ಳುವ ನೆನಪು ಹೆಚ್ಚಾಗಿ ಸುದ್ದಿ ನೋಡುವವರದ್ದು. ಬಾಂಬು ಬೀಳುತ್ತಿರುವ ಊರಿನವರಿಗೂ ಒಂದು ನೆನಪಿರುತ್ತದೆ. ಅದನ್ನು ನೀವು ಕೇಳುವುದೇ ಇಲ್ಲ.

2021ರ ಆಗಸ್ಟ್ 15. ತಾಲಿಬಾನ್ ಕಾಬೂಲಿಗೆ ಬಂತು. ಅಮೆರಿಕದ ರಾಯಭಾರ ಕಚೇರಿಯ ಮೇಲೆ ಒಂದು ಹೆಲಿಕಾಪ್ಟರ್ ಹಾರಿತು. ಅಷ್ಟೇ ಸಾಕಾಯಿತು. ಎಲ್ಲಿ ನೋಡಿದರೂ ಎರಡು ಫೋಟೊ ಅಕ್ಕಪಕ್ಕ, ಒಂದು ಕಡೆ ವಿಯೆಟ್ನಾಂ ಯುದ್ಧದ ಕೊನೆಯ ದಿನಗಳ ಸೈಗಾನ್, ಇನ್ನೊಂದು ಕಡೆ ಕಾಬೂಲ್. ಸೈಗಾನಿನ ಆ ಫೋಟೊ ನಿಮಗೆಲ್ಲ ಬಾಯಿಪಾಠ. 1975ರ ಏಪ್ರಿಲ್ 29ರಂದು ಹ್ಯೂಬರ್ಟ್ ವ್ಯಾನ್ ಎಸ್ ತೆಗೆದದ್ದು. ತಾರಸಿಯ ತುದಿಯಲ್ಲಿ ಒಂದು ಪುಟ್ಟ ಹೆಲಿಕಾಪ್ಟರ್, ಅದಕ್ಕೆ ಹತ್ತಲು ಒಂದು ಏಣಿ, ಏಣಿಯ ಮೇಲೆ ಒಬ್ಬರ ಹಿಂದೊಬ್ಬರು ಜನ, ಮೇಲಿನಿಂದ ಕೈ ಚಾಚಿ ನಿಂತ ಒಬ್ಬ. ಅದು ಅಮೆರಿಕದ ರಾಯಭಾರ ಕಚೇರಿ ಅಂತ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಅಲ್ಲ ಸ್ವಾಮಿ. ಅದು ಜಿಯಾ ಲಾಂಗ್ ಬೀದಿಯ 22ನೇ ನಂಬರಿನ ಅಪಾರ್ಟ್‌ಮೆಂಟು. ಫೋಟೊ ತೆಗೆದವರೇ ಅದನ್ನು ಹೇಳಿದ್ದಾರೆ. ಯಾವ ಕಟ್ಟಡ ಅಂತ ಸರಿಯಾಗಿ ಗೊತ್ತಿಲ್ಲದ ಫೋಟೊವನ್ನು ಸಾಕ್ಷಿ ಮಾಡಿಕೊಂಡು, ನಲವತ್ತಾರು ವರ್ಷದ ನಂತರದ ಇನ್ನೊಂದು ದೇಶದ ಕಥೆ ಹೇಳಿದಿರಿ.

ಪರಿಣಾಮ ಏನಾಯಿತು? ಕಾಬೂಲಿನ ಕಥೆ ಅಮೆರಿಕದ ಮಾನ ಹೋದ ಕಥೆಯಾಯಿತು. ಆಗಿನ ಅಧ್ಯಕ್ಷ ಬೈಡನ್ ಜುಲೈನಲ್ಲಿ ಏನು ಹೇಳಿದ್ದರು, ಅವರ ವಿದೇಶಾಂಗ ಸಚಿವ ಬ್ಲಿಂಕನ್ ‘ಇದು ಸೈಗಾನ್ ಅಲ್ಲ’ ಅಂದದ್ದು ಸರಿಯೋ ತಪ್ಪೋ, ಅದೇ ಚರ್ಚೆ. ಆದರೆ ಅವತ್ತು ಕಾಬೂಲಿನಲ್ಲಿ ಬಾಗಿಲು ಹಾಕಿಕೊಂಡು ಕೂತ ಮನೆಗಳಲ್ಲಿ ಸೈಗಾನ್ ಯಾರ ನೆನಪಿನಲ್ಲಿ ಇದ್ದೀತು? ಅವರ ತಲೆಯಲ್ಲಿ ಇದ್ದದ್ದು 1992ರಿಂದ 96ರವರೆಗೆ ಮುಜಾಹಿದೀನ್ ಗುಂಪುಗಳು ಒಂದರ ಮೇಲೊಂದು ರಾಕೆಟ್ ಬಿಟ್ಟು ಊರನ್ನೇ ಪುಡಿ ಮಾಡಿದ್ದು. 1996ರ ಸೆಪ್ಟೆಂಬರಿನಲ್ಲಿ ಇದೇ ತಾಲಿಬಾನ್ ಬಂದು ಮಾಜಿ ಅಧ್ಯಕ್ಷ ನಜೀಬುಲ್ಲಾರನ್ನು ಕೊಂದು ನಡುಬೀದಿಯಲ್ಲಿ ನೇತುಹಾಕಿದ್ದು, ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದ್ದು. ಆ ಊರಿನ ಭಯ ಅರ್ಥ ಆಗಬೇಕಾದರೆ ಬೇಕಿದ್ದ ಹಳೇ ಫೋಟೊ 1996ರದ್ದು. ನೀವು ತೆಗೆದದ್ದು 1975ರದ್ದು, ಯಾಕೆಂದರೆ ನಿಮ್ಮ ಕೈಗೆ ಮೊದಲು ಸಿಗುವುದು ಅದೇ. ಸೈಗಾನ್ ಕಥೆಯಲ್ಲಿ ಕೊನೆಯ ಹೆಲಿಕಾಪ್ಟರ್ ಹೋದ ಮೇಲೆ ಏನೂ ಇಲ್ಲ, ಕಥೆ ಮುಗಿಯಿತು. ಕಾಬೂಲಿನಲ್ಲೂ ಹಾಗೇ ಮಾಡಿದಿರಿ. ಆಗಸ್ಟ್ 30ರ ರಾತ್ರಿ ಕೊನೆಯ ವಿಮಾನ ಹಾರಿತು, ಕ್ಯಾಮೆರಾಗಳೂ ಹಾರಿದವು. ಆ ದೇಶದ ಸುಮಾರು 700 ಕೋಟಿ ಡಾಲರ್ ಅಮೆರಿಕದ ಬ್ಯಾಂಕುಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು, ಅರ್ಧಕ್ಕಿಂತ ಜಾಸ್ತಿ ಜನ ಚಳಿಗಾಲದಲ್ಲಿ ಹಸಿವಿಗೆ ಸಿಗುತ್ತಾರೆ ಅಂತ ವಿಶ್ವಸಂಸ್ಥೆ ಅಕ್ಟೋಬರಿನಲ್ಲೇ ಎಚ್ಚರಿಸಿತ್ತು. ಅದು ಮುಖಪುಟಕ್ಕೆ ಬರಲು ಪರದಾಡಬೇಕಾಯಿತು.

ಬಾಗ್ದಾದ್ ಇದಕ್ಕಿಂತ ಕೆಟ್ಟ ಉದಾಹರಣೆ. 2003ರ ಏಪ್ರಿಲ್ 9, ಫಿರ್ದೋಸ್ ಚೌಕ. ಸದ್ದಾಂ ಪ್ರತಿಮೆ ಬೀಳುವ ದೃಶ್ಯ ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದಿರಿ. ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿಮೆ ಇದ್ದದ್ದು ವಿದೇಶಿ ಪತ್ರಕರ್ತರು ಉಳಿದುಕೊಂಡಿದ್ದ ಪ್ಯಾಲೆಸ್ಟೀನ್ ಹೋಟೆಲಿನ ಎದುರು. ಮೊದಲು ಇರಾಕಿಗಳು ಸುತ್ತಿಗೆ ಹಿಡಿದು ಪೀಠ ಒಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ಅಮೆರಿಕದ ಸೇನೆಯ ಒಂದು ದೈತ್ಯ ವಾಹನ, ಕೆಟ್ಟುನಿಂತ ಟ್ಯಾಂಕ್ ಎಳೆಯಲು ಇರುವಂಥದ್ದು, ಬಂದು ಸರಪಳಿ ಹಾಕಿ ಎಳೆಯಿತು. ಒಬ್ಬ ಸೈನಿಕ ಪ್ರತಿಮೆಯ ಮುಖಕ್ಕೆ ಅಮೆರಿಕದ ಬಾವುಟ ಮುಚ್ಚಿದ, ಸ್ವಲ್ಪ ಹೊತ್ತಿಗೆ ತೆಗೆದು ಇರಾಕಿನ ಬಾವುಟ ಹಾಕಿದರು. ಹತ್ತಿರದ ಶಾಟಿನಲ್ಲಿ ಜನಸಾಗರ. ದೂರದಿಂದ ತೆಗೆದದ್ದರಲ್ಲಿ ನೋಡಿದರೆ ಚೌಕದ ಬಹುಭಾಗ ಖಾಲಿ. ಅವತ್ತೇ ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಇದನ್ನು ನೋಡಿದರೆ ಬರ್ಲಿನ್ ಗೋಡೆ ಬಿದ್ದದ್ದು ನೆನಪಾಗುತ್ತದೆ ಅಂದರು. ಅವರು ಹೇಳುವುದಕ್ಕೂ ಮುಂಚೆಯೇ ಬಹುಶಃ ನಿಮ್ಮಲ್ಲಿ ಹಲವರ ತಲೆಯಲ್ಲಿ ಅದೇ ಓಡುತ್ತಿತ್ತು, ಯಾಕೆಂದರೆ 1989 ನಿಮ್ಮ ವೃತ್ತಿಯ ಸಿಹಿ ನೆನಪು. ಗೋಡೆ ಬಿತ್ತು, ಜನ ಕುಣಿದರು, ಎಲ್ಲ ಸುಖಾಂತ್ಯ. ಹಿಂದಿನ ದಿನವಷ್ಟೇ ಅದೇ ಹೋಟೆಲಿಗೆ ಅಮೆರಿಕದ ಟ್ಯಾಂಕೊಂದು ಶೆಲ್ ಹೊಡೆದು ನಿಮ್ಮವರೇ ಆದ ಇಬ್ಬರು ಕ್ಯಾಮೆರಾಮನ್‌ಗಳು ಸತ್ತಿದ್ದರು. ಅದು ಆ ದೃಶ್ಯದೊಳಗೆ ಎಲ್ಲೂ ಕೂರಲಿಲ್ಲ.

ಇರಾಕಿಗಳ ನೆನಪಿನಲ್ಲಿ ಬರ್ಲಿನ್ ಇರಲಿಲ್ಲ. ಬ್ರಿಟಿಷರು 1917ರಲ್ಲಿ ಬಾಗ್ದಾದಿಗೆ ಬಂದಾಗ ಜನರಲ್ ಮಾಡ್ ಹೊರಡಿಸಿದ ಪ್ರಕಟಣೆ ಇದೆ, ನಾವು ಗೆಲ್ಲಲು ಬಂದವರಲ್ಲ, ಬಿಡಿಸಲು ಬಂದವರು ಅನ್ನುವ ಅರ್ಥದ್ದು. ಮೂರೇ ವರ್ಷಕ್ಕೆ, 1920ರಲ್ಲಿ, ದೇಶ ದಂಗೆ ಎದ್ದಿತು. ಬ್ರಿಟಿಷರು ವಿಮಾನಗಳನ್ನೂ ತಂದು ಅದನ್ನು ಹತ್ತಿಕ್ಕಿದರು. ಇನ್ನು 1991. ಸದ್ದಾಂ ವಿರುದ್ಧ ಏಳಿ ಅಂತ ಅಮೆರಿಕದ ಅಧ್ಯಕ್ಷರೇ ಕರೆ ಕೊಟ್ಟರು, ದಕ್ಷಿಣದ ಶಿಯಾಗಳು, ಉತ್ತರದ ಕುರ್ದರು ಎದ್ದರು, ಸಹಾಯ ಬರಲಿಲ್ಲ, ಸಾವಿರಾರು ಜನ ಸಾಮೂಹಿಕ ಗೋರಿ ಸೇರಿದರು. ಈ ಎರಡು ನೆನಪು ಇಟ್ಟುಕೊಂಡು ಏಪ್ರಿಲ್ 9ನ್ನು ನೋಡಿದ್ದರೆ ಮುಂದೆ ಏನಾಗಬಹುದು ಅಂತ ಒಂದು ಅಂದಾಜಾದರೂ ಸಿಗುತ್ತಿತ್ತು. ಅಮೆರಿಕದ ಸೇನೆಯ ವಿರುದ್ಧ ಹೋರಾಡಲು ಇಳಿದ ಗುಂಪುಗಳಲ್ಲಿ ಒಂದು ತನಗೆ ಇಟ್ಟುಕೊಂಡ ಹೆಸರೇ ‘1920ರ ಕ್ರಾಂತಿ ದಳ’. ಆ ವರ್ಷ ಎಷ್ಟು ಜನ ಆಂಕರ್‌ಗಳಿಗೆ ಗೊತ್ತಿತ್ತು ಹೇಳಿ?

ನಿಮ್ಮ ಅಚ್ಚುಮೆಚ್ಚಿನ ಇನ್ನೊಂದು ವರ್ಷ 1938. ಮ್ಯೂನಿಕ್. ಅಲ್ಲಿ ಬ್ರಿಟನ್ ಪ್ರಧಾನಿ ನೆವಿಲ್ ಚೇಂಬರ್ಲೇನ್ ಹಿಟ್ಲರಿಗೆ ಬಗ್ಗಿದರು, ಅದಕ್ಕೇ ಮಹಾಯುದ್ಧ ಆಯಿತು, ಹಾಗಾಗಿ ಸರ್ವಾಧಿಕಾರಿಗೆ ಯಾವತ್ತೂ ಬಗ್ಗಬಾರದು. ಕೇಳಲು ಚೆನ್ನಾಗಿದೆ, ಎಷ್ಟೋ ಸಲ ನಿಜವೂ ಇರಬಹುದು. ಆದರೆ ಇದನ್ನು ಯಾರ್ಯಾರು ಎಲ್ಲೆಲ್ಲಿ ಬಳಸಿದರು ನೋಡಿ. 1956ರಲ್ಲಿ ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್ ಪ್ರಧಾನಿ ಈಡನ್ ಅವರಿಗೆ ಅವನಲ್ಲಿ ಮುಸೊಲಿನಿ ಕಂಡ. ಯುದ್ಧಕ್ಕೆ ಹೋಗಿ ಮುಖಭಂಗ ಆಗಿ ವಾಪಸ್ ಬಂದರು. 1965ರ ಜುಲೈನಲ್ಲಿ ಲಿಂಡನ್ ಜಾನ್ಸನ್ ವಿಯೆಟ್ನಾಮಿಗೆ ಇನ್ನಷ್ಟು ಸೈನ್ಯ ಕಳಿಸುವಾಗ ಪತ್ರಕರ್ತರ ಮುಂದೆ ನಿಂತು ಮ್ಯೂನಿಕ್ಕನ್ನೇ ನೆನೆದರು. 1990ರಲ್ಲಿ ಸದ್ದಾಂ ಹಿಟ್ಲರ್ ಆದ. 2003ರಲ್ಲಿ ಯುದ್ಧ ಬೇಡ ಅಂದವರೆಲ್ಲ ಚೇಂಬರ್ಲೇನ್ ಆದರು. 1914 ಹೇಳುವ ಪಾಠ ಇದಕ್ಕೆ ತದ್ವಿರುದ್ಧ. ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿ ಐದಾರು ವಾರದಲ್ಲಿ ಯುರೋಪಿನ ಬಹುತೇಕ ದೊಡ್ಡ ದೇಶಗಳು ಮೊದಲ ಮಹಾಯುದ್ಧದಲ್ಲಿದ್ದವು, ಯಾರೂ ಬಗ್ಗದೆ ಇದ್ದದ್ದರಿಂದಲೇ. 1962ರಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಹೊತ್ತಿಗೆ ಕೆನಡಿ ತಲೆಯಲ್ಲಿ ಇದ್ದದ್ದು 1914. ಒಂದು ಬಿಕ್ಕಟ್ಟಿಗೆ ಎರಡು ಹಳೇ ಯುದ್ಧ ಎರಡು ಉತ್ತರ ಕೊಡುತ್ತವೆ. ಯಾವುದನ್ನು ಆರಿಸುತ್ತೀರೋ ಅದರಲ್ಲೇ ನಿಮ್ಮ ಸಂಪಾದಕೀಯದ ತೀರ್ಮಾನ ಅಡಗಿರುತ್ತದೆ. ಆದರೆ ಆರಿಸಿದ್ದು ನಾವು ಅಂತ ನೀವು ಓದುಗರಿಗೆ ಹೇಳುವುದಿಲ್ಲ. ಇತಿಹಾಸವೇ ಹಾಗೆ ಹೇಳುತ್ತಿದೆ ಅನ್ನುವ ಧಾಟಿಯಲ್ಲಿ ಬರೆಯುತ್ತೀರಿ.

ಈಗ ಸ್ವಲ್ಪ ಕಷ್ಟದ ವಿಷಯ. ಹಳೇ ಯುದ್ಧದಲ್ಲಿ ಮೋಸ ಹೋದ ನೆನಪು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಬೆಲ್ಜಿಯಂನಲ್ಲಿ ಸಾವಿರಾರು ನಾಗರಿಕರನ್ನು ಕೊಂದದ್ದು ನಿಜ. ದಿನಾಂ ಊರೊಂದರಲ್ಲೇ 674 ಜನ. ಲೂವೆನ್ ಊರಿನ ಗ್ರಂಥಾಲಯ ಸುಟ್ಟರು. ಆದರೆ ಬ್ರಿಟನ್ನಿನಲ್ಲಿ ಇಷ್ಟು ಸಾಲಲಿಲ್ಲ. 1915ರ ಮೇ ತಿಂಗಳಲ್ಲಿ ಬ್ರೈಸ್ ವರದಿ ಅಂತ ಬಂತು, ಅದರಲ್ಲಿ ನಿಜದ ಜೊತೆ ಯಾರೂ ಪರೀಕ್ಷೆ ಮಾಡದ ಭಯಾನಕ ಕಥೆಗಳೂ ಸೇರಿಕೊಂಡವು. 1917ರಲ್ಲಿ ಜರ್ಮನರು ಸೈನಿಕರ ಹೆಣಗಳನ್ನು ಬೇಯಿಸಿ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆ ಅಂತ ಲಂಡನ್ನಿನ ದೊಡ್ಡ ದೊಡ್ಡ ಪತ್ರಿಕೆಗಳೇ ಬರೆದವು. 1925ರಲ್ಲಿ ಬ್ರಿಟನ್ ಸಂಸತ್ತಿನಲ್ಲಿ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ ಎದ್ದು ನಿಂತು ಆ ಕಥೆಗೆ ಬುಡ ಇಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಓದುಗರಿಗೆ ನಾಚಿಕೆ, ಸಂಪಾದಕರಿಗೆ ಇನ್ನೂ ಜಾಸ್ತಿ. ಇನ್ನು ಮೇಲೆ ಇಂಥ ಕಥೆ ನಂಬಲ್ಲ ಅಂತ ಒಂದು ಪೀಳಿಗೆಯೇ ತೀರ್ಮಾನ ಮಾಡಿತು.

ಆಮೇಲೆ 1942 ಬಂತು. ಪೋಲೆಂಡಿನಲ್ಲಿ ಜರ್ಮನರು 7 ಲಕ್ಷ ಯಹೂದಿಗಳನ್ನು ಕೊಂದಿದ್ದಾರೆ, ವಿಷಾನಿಲ ಬಳಸುತ್ತಿದ್ದಾರೆ ಅಂತ ಜೂನ್ 25ರಂದು ಲಂಡನ್ನಿನ ಡೈಲಿ ಟೆಲಿಗ್ರಾಫ್ ಬರೆಯಿತು. ಎಷ್ಟನೇ ಪುಟದಲ್ಲಿ ಗೊತ್ತಾ? ಐದನೇ ಪುಟದಲ್ಲಿ. ಬೇರೆ ಪತ್ರಿಕೆಗಳಲ್ಲೂ ಅದು ಒಳಪುಟದ ಸುದ್ದಿ. ಕಾರಣ ಒಂದೇ ಅಲ್ಲ, ಯಹೂದಿಗಳ ಬಗ್ಗೆ ಇದ್ದ ತಾತ್ಸಾರವೂ ಇತ್ತು, ನಂಬಲಾಗದಷ್ಟು ದೊಡ್ಡ ಸಂಖ್ಯೆ ಅನ್ನುವುದೂ ಇತ್ತು. ಆದರೆ ‘ಹೆಣದ ಕಾರ್ಖಾನೆ’ಯ ನೆನಪು ಅವತ್ತಿನ ಡೆಸ್ಕುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಹುಲಿ ಬಂತು ಹುಲಿ ಕಥೆಯಲ್ಲಿ ಸುಳ್ಳು ಹೇಳಿದ ಹುಡುಗನೇ ಕೊನೆಗೆ ಹುಲಿಗೆ ಸಿಗುತ್ತಾನೆ. ಇಲ್ಲಿ ಸುಳ್ಳು ಹೇಳಿದವರು ಲಂಡನ್ನಿನಲ್ಲಿ ಕ್ಷೇಮವಾಗಿದ್ದರು. ಬೆಲೆ ತೆತ್ತವರು ಪೋಲೆಂಡಿನವರು.

ಇದೇ ಆಟ ನಮ್ಮ ಕಾಲದಲ್ಲೂ ನಡೆಯಿತು. 1990ರ ಅಕ್ಟೋಬರ್ 10ರಂದು ಕುವೈತಿನ ಹದಿನೈದು ವರ್ಷದ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಅಳುತ್ತಾ, ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ ಇನ್‌ಕ್ಯುಬೇಟರ್‌ನಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಅಂದಳು. ಜಗತ್ತೆಲ್ಲ ಬಿತ್ತರಿಸಿತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅನ್ನುವುದೂ, ಒಂದು ಪ್ರಚಾರ ಕಂಪನಿ ಇದನ್ನೆಲ್ಲ ಜೋಡಿಸಿತ್ತು ಅನ್ನುವುದೂ ಹೊರಬಂದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಆಮೇಲೆ 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್, ಇರಾಕಿನ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ವಿಶ್ವಸಂಸ್ಥೆಯಲ್ಲಿ ತೋರಿಸಿದ ‘ಸಾಕ್ಷಿಗಳು’. ಇರಾಕಿನಲ್ಲಿ ಅಂಥ ಅಸ್ತ್ರ ಸಿಗಲಿಲ್ಲ. ನ್ಯೂಯಾರ್ಕ್ ಟೈಮ್ಸ್ ತನ್ನ ವರದಿಗಳಲ್ಲಿ ಎಡವಿದ್ದೇವೆ ಅಂತ 2004ರ ಮೇ 26ರಂದು ಬರೆಯಿತು, ಅದೂ ಒಳಪುಟದಲ್ಲಿ. ಸುಳ್ಳು ಮುಖಪುಟಕ್ಕೆ, ತಿದ್ದುಪಡಿ ಒಳಪುಟಕ್ಕೆ.

ಈ ಗಾಯ ಆರಿರಲಿಲ್ಲ, 2022 ಬಂತು. ಫೆಬ್ರವರಿ 3ರಂದು ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರರು ರಷ್ಯಾ ಸುಳ್ಳು ವೀಡಿಯೊ ಮಾಡಿ ಉಕ್ರೇನ್ ಮೇಲೆ ದಾಳಿಗೆ ನೆಪ ಹುಡುಕುತ್ತಿದೆ ಅಂದರು. ಎಪಿ ಸುದ್ದಿಸಂಸ್ಥೆಯ ವರದಿಗಾರ ಬಿಡಲಿಲ್ಲ, ಸಾಕ್ಷಿ ಎಲ್ಲಿದೆ ಅಂತ ಪಟ್ಟು ಹಿಡಿದರು, ಇರಾಕಿನ ಅಸ್ತ್ರಗಳ ಕಥೆ ನನಗೆ ನೆನಪಿದೆ ಅಂತ ನೇರವಾಗಿ ಹೇಳಿದರು. ಮೂರು ವಾರದ ಮೇಲೆ, 24ರಂದು, ಯುದ್ಧ ಶುರುವಾಯಿತು. ಆ ವರದಿಗಾರ ಕೇಳಿದ್ದರಲ್ಲಿ ನನ್ನ ಮಟ್ಟಿಗೆ ಒಂದಕ್ಷರ ತಪ್ಪಿಲ್ಲ. ಸಾಕ್ಷಿ ಕೇಳುವುದೇ ಅವರ ಕೆಲಸ. ತಪ್ಪು ಮಾಡಿದವರು ಬೇರೆ: ಅವತ್ತು ಸುಳ್ಳು ಹೇಳಿದವರು ಇವತ್ತೂ ಸುಳ್ಳೇ ಹೇಳುತ್ತಿದ್ದಾರೆ ಅಂತ ಸಾಕ್ಷಿಯನ್ನೇ ನೋಡದೆ ಸಂಪಾದಕೀಯ ಬರೆದವರು. ಗಡಿಯಲ್ಲಿ ಲಕ್ಷಕ್ಕೂ ಹೆಚ್ಚು ಸೈನಿಕರು ಸೇರಿದ್ದು ಯಾರು ಬೇಕಾದರೂ ಕೊಂಡು ನೋಡಬಹುದಾದ ಉಪಗ್ರಹ ಚಿತ್ರಗಳಲ್ಲೇ ಕಾಣುತ್ತಿತ್ತು. ಅನುಮಾನಕ್ಕೂ ಇವತ್ತಿನ ಸಾಕ್ಷಿ ಬೇಕು. ಹೋದ ಸಲದ್ದು ಸಾಲದು.

ಅನುಮಾನ ಇಟ್ಟುಕೊಂಡೂ ಒಳ್ಳೆ ಕೆಲಸ ಮಾಡಬಹುದು, ಅದನ್ನು ಬುಚಾದಲ್ಲಿ ನಿಮ್ಮಲ್ಲೇ ಕೆಲವರು ಮಾಡಿ ತೋರಿಸಿದ್ದೀರಿ. ಕೀವ್ ಪಕ್ಕದ ಆ ಊರಿನಿಂದ ರಷ್ಯಾದ ಸೇನೆ ಮಾರ್ಚ್ ಕೊನೆಗೆ ಹೊರಟಿತು, ಬೀದಿಯಲ್ಲಿ ಹೆಣಗಳು ಸಿಕ್ಕವು. ನಾವು ಹೋದ ಮೇಲೆ ತಂದು ಹಾಕಿದ ನಾಟಕ ಇದು ಅಂತ ಮಾಸ್ಕೋ ಹೇಳಿತು. ಆಗ ವರದಿಗಾರರು ಬೋಸ್ನಿಯಾದ 1995ರ ಹತ್ಯಾಕಾಂಡ ನೆನೆದು ‘ಇದು ಇನ್ನೊಂದು ಸ್ರೆಬ್ರೆನಿತ್ಸಾ’ ಅಂತ ಕೂಗುತ್ತ ಕೂರಲಿಲ್ಲ. ಯಾಬ್ಲುನ್ಸ್ಕಾ ಬೀದಿಯ ವೀಡಿಯೊ ಹಿಡಿದು, ಒಂದೊಂದು ಹೆಣ ಎಲ್ಲಿ ಬಿದ್ದಿದೆ ಅಂತ ಗುರುತು ಮಾಡಿ, ಮಾರ್ಚ್ ಮಧ್ಯದ ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಿದರು. ಊರು ರಷ್ಯಾದ ಕೈಯಲ್ಲಿದ್ದಾಗಲೇ ಅದೇ ಜಾಗಗಳಲ್ಲಿ ಹೆಣಗಳಿದ್ದವು. ಅಲ್ಲಿಗೆ ಮುಗಿಯಿತು. ಹೋಲಿಕೆ ಬೇಕಾಗಲಿಲ್ಲ.

ನಾಯಕರು ನಿಮ್ಮ ಈ ಅಭ್ಯಾಸವನ್ನು ಚೆನ್ನಾಗಿ ಅರಿತಿದ್ದಾರೆ. ಝೆಲೆನ್‌ಸ್ಕಿ 2022ರ ಮಾರ್ಚ್ 8ರಂದು ಬ್ರಿಟನ್ ಸಂಸತ್ತಿಗೆ ಮಾತಾಡಿದಾಗ ಚರ್ಚಿಲ್ ಧಾಟಿ. 16ರಂದು ಅಮೆರಿಕಕ್ಕೆ ಪರ್ಲ್ ಹಾರ್ಬರ್ ಮತ್ತು 9/11. ಮರುದಿನ ಜರ್ಮನಿಗೆ ಬರ್ಲಿನ್ ಗೋಡೆ. ಏಪ್ರಿಲ್‌ನಲ್ಲಿ ಸ್ಪೇನಿಗೆ 1937ರಲ್ಲಿ ಬಾಂಬಿಗೆ ಸುಟ್ಟ ಅವರದೇ ಊರು ಗೆರ್ನಿಕಾ. ಮುಳುಗುತ್ತಿರುವ ದೇಶದ ನಾಯಕ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ, ಅವರನ್ನು ನಾನು ದೂರುವುದಿಲ್ಲ. ಇಸ್ರೇಲ್ ಸಂಸತ್ತಿಗೆ ಯಹೂದಿ ನರಮೇಧವನ್ನು ಎತ್ತಿದಾಗ ಮಾತ್ರ ಅಲ್ಲಿಯವರೇ ಸಿಟ್ಟಾದರು. ಇನ್ನೊಂದು ಕಡೆ ಪುಟಿನ್, ನಾಜಿಗಳನ್ನು ಕಿತ್ತೊಗೆಯಲು ಹೊರಟಿದ್ದೇವೆ ಅಂತ 1941-45ರ ನೆನಪನ್ನೇ ಬಂಡವಾಳ ಮಾಡಿಕೊಂಡರು. ರಷ್ಯಾದಲ್ಲಿ ಆ ನೆನಪು ಸುಮ್ನೆ ಮಾತಲ್ಲ, ಎರಡೂವರೆ ಕೋಟಿಗೂ ಹೆಚ್ಚು ಸೋವಿಯತ್ ಜನ ಸತ್ತ ಯುದ್ಧ ಅದು, ಸತ್ತವರಿಲ್ಲದ ಮನೆ ಅಪರೂಪ. ಅದಕ್ಕೇ ಅದು ಅಷ್ಟು ಕೆಲಸ ಮಾಡುತ್ತದೆ. ಅಲ್ಲಿ ಇದನ್ನು ಯುದ್ಧ ಅಂತ ಕರೆಯುವುದನ್ನೇ ತಡೆದರು, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೂ ಜೈಲು ಅಂತ ಮಾರ್ಚ್ 4ರಂದು ಕಾನೂನು ತಂದರು.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಯುಗೊಸ್ಲಾವಿಯಾ ನೋಡಿ. 1990ರ ಸುಮಾರಿಗೆ ಬೆಲ್‌ಗ್ರೇಡಿನ ಟಿವಿ ಎರಡನೇ ಮಹಾಯುದ್ಧದಲ್ಲಿ ಕ್ರೊಯೇಷಿಯಾದ ನಾಜಿ ಪರ ಉಸ್ತಾಶಾಗಳು ಸೆರ್ಬರನ್ನು ಕೊಂದದ್ದನ್ನು ಮತ್ತೆ ಮತ್ತೆ ತೋರಿಸಿತು, ಐವತ್ತು ವರ್ಷದ ಹಿಂದಿನ ಗೋರಿಗಳಿಂದ ಎಲುಬು ತೆಗೆಯುವುದನ್ನು ತೋರಿಸಿತು. ಆ ಕೊಲೆಗಳು ಸುಳ್ಳಲ್ಲ, ಯಸೆನೊವಾಟ್ಸ್ ಶಿಬಿರ ಸುಳ್ಳಲ್ಲ. ಆದರೆ ಪಕ್ಕದ ಮನೆಯ ಕ್ರೊಯೇಷಿಯನ್ ಹುಡುಗ ಟಿವಿ ನೋಡನೋಡುತ್ತ ಉಸ್ತಾಶಾ ಆದ. ಆ ಕಡೆಯ ಪತ್ರಿಕೆಗಳಲ್ಲಿ ಎಲ್ಲ ಸೆರ್ಬರೂ ಅದೇ ಕಾಲದ ಸೆರ್ಬ್ ಪಡೆಯವರಾದ ಚೆಟ್ನಿಕ್ ಆದರು. ರುವಾಂಡಾದಲ್ಲಿ ಆರ್‌ಟಿಎಲ್‌ಎಂ ರೇಡಿಯೊ ಅಲ್ಪಸಂಖ್ಯಾತ ಟುಟ್ಸಿಗಳ ಹಳೇ ಆಳ್ವಿಕೆ ಮರಳಿ ಬರುತ್ತದೆ ಅಂತ ಬಹುಸಂಖ್ಯಾತ ಹುಟುಗಳನ್ನು ಹೆದರಿಸಿ ಹೆದರಿಸಿ ಕೊಲೆಗೆ ಹುರಿದುಂಬಿಸಿತು. ಆ ರೇಡಿಯೊ ಕಟ್ಟಿದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು.

ನಾವೇನು ಅಷ್ಟು ಕೆಟ್ಟವರಲ್ಲ ಅನ್ನುತ್ತೀರಿ. ಸರಿ, ಹತ್ತಿರದ್ದೇ ಒಂದು ಹೇಳುತ್ತೇನೆ. 2025ರ ಮೇ 8ರ ರಾತ್ರಿ, ಭಾರತ-ಪಾಕಿಸ್ತಾನ ಸಂಘರ್ಷ ನಡೆಯುತ್ತಿದ್ದಾಗ, ಭಾರತದ ಹಲವು ಚಾನೆಲ್‌ಗಳು ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆ ಅಂತ ಬ್ರೇಕಿಂಗ್ ಹಾಕಿದವು. ವಿಕ್ರಾಂತ್ ಹೆಸರೂ ಬಂತು. ಅಂಥದ್ದೇನೂ ಆಗಿರಲಿಲ್ಲ. ಅಷ್ಟು ಊರುಗಳಿರುವಾಗ ಕರಾಚಿಯೇ ಯಾಕೆ? ನನಗನ್ನಿಸುವುದು, 1971ರ ಡಿಸೆಂಬರ್ 4. ಅವತ್ತು ಭಾರತದ ಕ್ಷಿಪಣಿ ದೋಣಿಗಳು ನಿಜಕ್ಕೂ ಕರಾಚಿಯ ಮೇಲೆ ದಾಳಿ ಮಾಡಿದ್ದವು, ಅದನ್ನೇ ನೌಕಾಪಡೆ ದಿನ ಅಂತ ಆಚರಿಸುತ್ತಾರೆ. ತಮಾಷೆ ಏನೆಂದರೆ ಹಳೇ ವಿಕ್ರಾಂತ್ ಅವತ್ತು ಕರಾಚಿಯ ಹತ್ತಿರವೂ ಇರಲಿಲ್ಲ, ಅದು ಬಂಗಾಳ ಕೊಲ್ಲಿಯಲ್ಲಿ ಚಿತ್ತಗಾಂಗ್ ಕಡೆ ಇತ್ತು. ನೆನಪಿನಲ್ಲಿ ಎರಡೂ ಕಲಸಿಹೋಗಿ ಐವತ್ಮೂರು ವರ್ಷದ ಮೇಲೆ ಬ್ರೇಕಿಂಗ್ ನ್ಯೂಸ್ ಆಗಿ ಹೊರಬಂತು. ಕೇಳಿದ ತಕ್ಷಣ ಹೌದಿರಬಹುದು ಅನ್ನಿಸಿತು, ಯಾಕೆಂದರೆ ಒಂದು ಸಲ ಆಗಿತ್ತು. ಆ ವಾರ ಗಡಿಯ ಎರಡೂ ಕಡೆ ವೀಡಿಯೊ ಗೇಮಿನ ದೃಶ್ಯಗಳು, ಬೇರೆ ದೇಶದ ಹಳೇ ಸ್ಫೋಟಗಳು ಲೈವ್ ಅಂತ ಓಡಿದವು. ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ ಅಂತ ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು.

ಗಾಜಾ ಬಗ್ಗೆ ಬರೆಯದೆ ಇದ್ದರೆ ಈ ಪತ್ರ ಪೂರ್ತಿಯಾಗಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನರನ್ನು ಒತ್ತೆಯಾಗಿ ಎಳೆದೊಯ್ದರು. ಇಸ್ರೇಲಿನ ಜನರಿಗೆ ಅವತ್ತು ನೆನಪಾದದ್ದು ಹಿಟ್ಲರ್ ಕಾಲದ ನರಮೇಧ, ಮತ್ತೆ ಸರಿಯಾಗಿ ಐವತ್ತು ವರ್ಷದ ಹಿಂದಿನ 1973ರ ಅಕ್ಟೋಬರ್ ಯುದ್ಧ. ಒಂದು ವಾರದೊಳಗೆ ಉತ್ತರ ಗಾಜಾದ 11 ಲಕ್ಷ ಜನರಿಗೆ ಮನೆ ಬಿಟ್ಟು ದಕ್ಷಿಣಕ್ಕೆ ಹೋಗಿ ಅಂತ ಇಸ್ರೇಲ್ ಸೇನೆ ಹೇಳಿತು. ಆ ಜನರಲ್ಲಿ ಬಹುತೇಕರು 1948ರಲ್ಲಿ ಮನೆ ಕಳೆದುಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. ಅವರಿಗೆ ನೆನಪಾದದ್ದು ನಕ್ಬಾ, ಅಂದರೆ 1948ರ ಆ ದುರಂತ. ಎರಡೂ ನಿಜವಾದ ನೆನಪು, ಎರಡೂ ಆ ನೆಲದ್ದೇ ಜನರದ್ದು. ನೀವು ಮಾಡಿದ್ದೇನು? ಬಹಳ ಜನ ಮೂರನೆಯದೊಂದನ್ನು ತಂದಿರಿ, 9/11. ಅದು ಬಂದದ್ದೇ ತಡ ಪ್ರಶ್ನೆಗಳೆಲ್ಲ ಅಮೆರಿಕದ ಪ್ರಶ್ನೆಗಳಾದವು. ವಿಚಿತ್ರ ಅಂದರೆ ಅದೇ ಅಕ್ಟೋಬರ್ 18ರಂದು ಟೆಲ್ ಅವಿವ್‌ಗೆ ಹೋದ ಬೈಡನ್ ಅವರೇ, 9/11ರ ನಂತರ ಸಿಟ್ಟಿನಲ್ಲಿ ನಾವು ತಪ್ಪು ಮಾಡಿದೆವು ಅನ್ನುವ ಮಾತು ಸೇರಿಸಿದರು. ಹೋಲಿಕೆಯ ಆ ಅರ್ಧ ಭಾಗ ನಿಮ್ಮ ಟಿಕ್ಕರಿನಲ್ಲಿ ಎಷ್ಟು ಹೊತ್ತು ಓಡಿತು? ವಿಶ್ವಸಂಸ್ಥೆಯಲ್ಲಿ ಇಸ್ರೇಲ್ ರಾಯಭಾರಿ, ನಾಜಿಗಳು ಯಹೂದಿಗಳಿಗೆ ಹಾಕಿಸುತ್ತಿದ್ದಂಥ ಹಳದಿ ನಕ್ಷತ್ರ ಧರಿಸಿ ಕೂತಾಗ ಅದನ್ನು ಟೀಕಿಸಿದವರು ಜೆರುಸಲೇಮಿನ ನರಮೇಧ ಸ್ಮಾರಕ ಯಾದ್ ವಾಶೆಮ್‌ನ ಮುಖ್ಯಸ್ಥರೇ. ನೆನಪನ್ನು ಕಾಯುವುದೇ ಕೆಲಸವಾಗಿರುವವರು ಅದನ್ನು ಜೋಪಾನವಾಗಿ ಬಳಸುತ್ತಾರೆ. ನೀವೂ ಕಲಿಯಬಹುದು.

ಇನ್ನು ‘ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಮೊದಲ ಯುದ್ಧ’. 2022ರಲ್ಲಿ ಈ ಸಾಲು ಎಷ್ಟು ಸಲ ಓದಿದೆನೋ. ಬೋಸ್ನಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತದ್ದು ಯಾವ ಖಂಡದಲ್ಲಿ? 1992ರಲ್ಲಿ ಅಲ್ಲಿಂದಲೇ ಮುಳ್ಳುತಂತಿಯ ಹಿಂದೆ ನಿಂತ ಎಲುಬುಗೂಡಿನಂಥ ಗಂಡಸರ ದೃಶ್ಯ ಬಂದಾಗ ಲಂಡನ್ನಿನ ಪತ್ರಿಕೆಯೊಂದು ನಾಜಿ ಶಿಬಿರ ಬೆಲ್ಸೆನ್ ನೆನೆದು ‘ಬೆಲ್ಸೆನ್ 92’ ಅಂತ ತಲೆಬರಹ ಕೊಟ್ಟಿತ್ತು. ಅವತ್ತು ಆ ಹೋಲಿಕೆಯಿಂದಲೇ ಜಗತ್ತು ತಿರುಗಿ ನೋಡಿತು ಅನ್ನುವುದನ್ನು ಒಪ್ಪುತ್ತೇನೆ. ಮೂವತ್ತು ವರ್ಷದ ಮೇಲೆ ಆ ಯುದ್ಧವೇ ಮರೆತುಹೋಗಿದೆ, ಬೆಲ್ಸೆನ್ ಮಾತ್ರ ಉಳಿದಿದೆ.

ಸರಿಯಾದ ಹೋಲಿಕೆಯೇ ಸಿಗದ ಯುದ್ಧಗಳ ಗತಿ ಏನು? 1993ರ ಅಕ್ಟೋಬರಿನಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ 18 ಅಮೆರಿಕನ್ ಸೈನಿಕರು ಸತ್ತರು. ಆರು ತಿಂಗಳಿಗೆ ರುವಾಂಡಾದಲ್ಲಿ ಕೊಲೆ ಶುರುವಾಯಿತು. ಆಫ್ರಿಕಾ, ಬುಡಕಟ್ಟು ಜಗಳ, ಇನ್ನೊಂದು ಸೊಮಾಲಿಯಾ, ತಲೆ ಹಾಕಬಾರದು. ಇದೇ ಧಾಟಿ. ಸುಮಾರು ನೂರು ದಿನದಲ್ಲಿ ಸುಮಾರು 8 ಲಕ್ಷ ಜನ. ಭದ್ರತಾ ಮಂಡಳಿ ಏಪ್ರಿಲ್ 21ರಂದು ಅಲ್ಲಿದ್ದ ಶಾಂತಿಪಡೆಯನ್ನು 270 ಜನಕ್ಕೆ ಇಳಿಸಿತು. ಹತ್ತು ವರ್ಷ ಕಳೆದು, 2004ರಲ್ಲಿ, ರುವಾಂಡಾದ ಹತ್ತನೇ ವರ್ಷದ ಸ್ಮರಣೆಯ ದಿನವೇ ವಿಶ್ವಸಂಸ್ಥೆಯ ಮುಖ್ಯಸ್ಥ ಕೋಫಿ ಅನ್ನಾನ್ ಸುಡಾನಿನ ಡಾರ್ಫುರ್ ಪ್ರಾಂತ್ಯದ ಹೆಸರೆತ್ತಿದರು. ಆಗ ನಿಮಗೆ ಹೋಲಿಕೆ ಸಿಕ್ಕಿತು, ಡಾರ್ಫುರ್ ಮುಖಪುಟಕ್ಕೆ ಬಂತು.

ಈಗ ಅದೇ ಡಾರ್ಫುರ್. 2023ರ ಏಪ್ರಿಲ್ 15ರಿಂದ ಸುಡಾನಿನಲ್ಲಿ ಯುದ್ಧ. ಒಂದು ಕಡೆ ಸೇನೆ, ಇನ್ನೊಂದು ಕಡೆ ಅರೆಸೇನಾ ಪಡೆ ಆರ್‌ಎಸ್‌ಎಫ್. ಈ ಆರ್‌ಎಸ್‌ಎಫ್ ಬೆಳೆದದ್ದೇ 2003ರಲ್ಲಿ ಡಾರ್ಫುರಿನ ಹಳ್ಳಿ ಸುಟ್ಟ ಜಂಜವೀದ್ ಪಡೆಗಳಿಂದ. ಅದರ ನಾಯಕ ಹೆಮೆದ್ತಿ ಅವತ್ತೂ ಆ ಪಡೆಯಲ್ಲಿದ್ದವನು. ಅವತ್ತು ಓಡಿಸಲ್ಪಟ್ಟವರಲ್ಲಿ ಅಲ್ಲಿನ ಮಸಾಲಿತ್ ಜನಾಂಗದವರಿದ್ದರು. 2023ರಲ್ಲಿ ಡಾರ್ಫುರಿನ ಎಲ್ ಜೆನೀನಾ ಊರೊಂದರಲ್ಲೇ 10 ಸಾವಿರದಿಂದ 15 ಸಾವಿರ ಜನ ಸತ್ತರು ಅಂತ ವಿಶ್ವಸಂಸ್ಥೆಯ ತಜ್ಞರ ವರದಿ ಹೇಳಿತು, ಗುರಿಯಾದವರು ಮತ್ತೆ ಮಸಾಲಿತರು. ಅಲ್ಲಿನದೇ ಎಲ್ ಫಾಶರ್ ಊರಿಗೆ ಈ ಪಡೆ ಒಂದು ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿ, 2025ರ ಅಕ್ಟೋಬರ್ 26ರಂದು ಹಿಡಿಯಿತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಈ ಯುದ್ಧದಿಂದ ಮನೆ ಬಿಟ್ಟವರು ಒಂದು ಕೋಟಿಗೂ ಜಾಸ್ತಿ.

ಇಲ್ಲಿ ಹಳೇ ಯುದ್ಧವೂ ಹೊಸ ಯುದ್ಧವೂ ಒಂದೇ ನೆಲದ್ದು. ಕೊಂದವರೂ ಅವತ್ತಿನವರೇ, ಸತ್ತವರೂ ಅವತ್ತು ಸತ್ತವರ ಮನೆಯವರೇ. ಹೋಲಿಕೆ ಬೇಡ, ಇದು ಮುಂದುವರಿದ ಭಾಗ. ವಿಯೆಟ್ನಾಂ, ಮ್ಯೂನಿಕ್, 9/11 ಅಂತ ಎಲ್ಲೆಲ್ಲಿಂದಲೋ ನೆನಪು ಹೊತ್ತು ತರುವ ನೀವು, ಹಳೇ ನೆನಪು ನಿಜಕ್ಕೂ ಉಪಯೋಗಕ್ಕೆ ಬರುತ್ತಿದ್ದ ಈ ಒಂದು ಜಾಗದಲ್ಲಿ ಎಲ್ಲವನ್ನೂ ಮರೆತಿರಿ. ‘ಸುಡಾನಿನಲ್ಲಿ ಎರಡು ಬಣಗಳ ಕಾದಾಟ’ ಅಂತ ಒಂದು ಸಾಲು, ಒಳಪುಟ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಹೋಲಿಕೆ ಹಾಕುವಾಗ ಅದನ್ನು ಮೊದಲು ಯಾರು ಹೇಳಿದರು ಅಂತ ಬರೆಯಿರಿ, ಮಂತ್ರಿಯೋ, ಸೇನೆಯ ವಕ್ತಾರರೋ, ನಿಮ್ಮ ಡೆಸ್ಕೋ. ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಅದೇ ಪ್ಯಾರಾದಲ್ಲಿ ಹಾಕಿ. ಹಳೇ ದೃಶ್ಯ ತೋರಿಸಿದರೆ ಮೂಲೆಯಲ್ಲಿ ದಿನಾಂಕ, ಊರು ಇರಲಿ, ಓದಲು ಆಗುವಷ್ಟು ದೊಡ್ಡದಾಗಿ. ಮತ್ತೆ, ಸ್ಟುಡಿಯೋಗೆ ನಾಲ್ಕು ಜನ ನಿವೃತ್ತ ಅಧಿಕಾರಿಗಳನ್ನು ಕರೆಯುವಾಗ ಐದನೆಯದಾಗಿ ಆ ಊರಿನ ಒಬ್ಬರಿಗೆ ಫೋನ್ ಹಚ್ಚಿ, ನಿಮಗೆ ಇದು ಯಾವುದನ್ನು ನೆನಪಿಸುತ್ತಿದೆ ಅಂತ ಕೇಳಿ. ನಾಳೆ ಬೆಳಿಗ್ಗೆಯ ಮೀಟಿಂಗಿನಲ್ಲೇ ಎಲ್ ಜೆನೀನಾದಿಂದ ಚಾಡ್ ಗಡಿ ದಾಟಿ ಅದ್ರೆ ಶಿಬಿರ ಸೇರಿದ ಯಾರನ್ನಾದರೂ ಹುಡುಕಲು ಒಬ್ಬರಿಗೆ ಹೇಳಿ. 2003ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಓಡಿಬಂದವರು ಅಲ್ಲಿ ಸಿಗುತ್ತಾರೆ.

ಇಂತಿ,
ನಿಮ್ಮನ್ನು ದಿನಾ ಓದುವ, ದಿನಾ ಬೈಯುವ ಒಬ್ಬ ಓದುಗ